ನೆರೆ ತಡೆಯಲು ನೆಲದಡಿಯ ಜಲಾಗಾರ: ಖಾಲಿ ಇದ್ದರಷ್ಟೇ ಉಪಯೋಗ

ಜಪಾನಿನ ರಾಜಧಾನಿ ಟೋಕಿಯೊದ ಉತ್ತರಕ್ಕೆ, ಸೈತಾಮ ಪ್ರಾಂತ್ಯದ ಕಸುಕಾಬೆ ಎಂಬ ಪಟ್ಟಣದಲ್ಲಿ, ಆಟದ ಮೈದಾನವೊಂದರ ಕೆಳಗೆ ಕಾಂಕ್ರೀಟಿನ ಬೃಹತ್ ಹಜಾರವೊಂದಿದೆ. ಅದರ ಉದ್ದ 177 ಮೀಟರ್, ಅಗಲ 78 ಮೀಟರ್. ಒಳಗೆ 59 ಕಂಬಗಳಿವೆ. ಒಂದೊಂದೂ 18 ಮೀಟರ್ ಎತ್ತರ, ಸುಮಾರು 500 ಟನ್ ತೂಕ. ನೋಡಲು ಬರುವವರು ಅದನ್ನು ಪಾತಾಳದ ದೇವಾಲಯವೆಂದು ಕರೆಯುವುದುಂಟು. ಆದರೆ ಈ ಕಂಬಗಳು ಇರುವುದು ಛಾವಣಿಯನ್ನು ಹೊರುವುದಕ್ಕೆ ಮಾತ್ರವಲ್ಲ. ಸುತ್ತಲಿನ ಮಣ್ಣಿನಲ್ಲಿರುವ ಅಂತರ್ಜಲವು ಖಾಲಿ ತೊಟ್ಟಿಯನ್ನು ದೋಣಿಯಂತೆ ಮೇಲಕ್ಕೆ ಒತ್ತುತ್ತದೆ. ತೊಟ್ಟಿ ನೆಲ ಬಿಟ್ಟು ಮೇಲೇಳದಂತೆ ತಮ್ಮ ಭಾರದಿಂದ ಅದುಮಿ ಹಿಡಿಯುವುದೂ ಈ ಕಂಬಗಳ ಕೆಲಸವೇ ಆಗಿದೆ.

ಅಂದರೆ ಈ ಹಜಾರವನ್ನು ನಿರ್ಮಿಸಿರುವುದೇ ವರ್ಷದ ಬಹುಪಾಲು ದಿನ ಖಾಲಿ ಇರಲೆಂದು. ಪ್ರವಾಸಿಗರು ಒಳಗೆ ಇಳಿದು ಛಾಯಾಚಿತ್ರ ತೆಗೆಯಲು ಸಾಧ್ಯವಾಗಿರುವುದೂ ಅದರಿಂದಲೇ. ಬೆಂಗಳೂರಿನಲ್ಲಿ ಒಂದು ರಾತ್ರಿಯ ಮಳೆಗೆ ಬಡಾವಣೆಗಳು ಜಲಾವೃತವಾದಾಗಲೆಲ್ಲ 'ಟೋಕಿಯೊ ಮಾದರಿಯ ಭೂಗತ ಜಲಾಗಾರ ನಮ್ಮಲ್ಲಿ ಏಕಿಲ್ಲ' ಎಂಬ ಪ್ರಶ್ನೆ ಕೇಳಿಬರುತ್ತದೆ. ಪ್ರಶ್ನೆ ಸಹಜವಾದದ್ದೇ. ಆದರೆ ಮಳೆನೀರನ್ನು ನೆಲದಡಿ ತುಂಬಿಡುವುದು ಬೇರೆ, ನೆಲದಡಿ ಜಾಗವನ್ನು ಖಾಲಿ ಇಡುವುದು ಬೇರೆ ಎಂಬ ಸಂಗತಿ ಆ ಚರ್ಚೆಯಲ್ಲಿ ಮರೆಯಾಗುತ್ತಿದೆ.

ಕಸುಕಾಬೆಯ ಲೆಕ್ಕ

ಈ ಯೋಜನೆಯ ಕಾಮಗಾರಿ ಆರಂಭವಾದದ್ದು 1990ರ ದಶಕದ ಆದಿಯಲ್ಲಿ. 2002ರಲ್ಲಿ ಭಾಗಶಃ, 2006ರಲ್ಲಿ ಪೂರ್ಣವಾಗಿ ಬಳಕೆಗೆ ಬಂದಿತು. ತಗುಲಿದ ವೆಚ್ಚ ಸುಮಾರು 23,000 ಕೋಟಿ ಯೆನ್. ಮೂರು ದೊಡ್ಡ ನದಿಗಳ ನಡುವೆ ತಟ್ಟೆಯಂತೆ ತಗ್ಗಾಗಿರುವ ಈ ಪ್ರದೇಶದಲ್ಲಿ ನಾಕಾ, ಕುರಮಾತ್ಸು ಮೊದಲಾದ ಚಿಕ್ಕ ನದಿಗಳು ಹರಿಯುತ್ತವೆ. ಇಳಿಜಾರು ತೀರಾ ಕಡಿಮೆ. ಹಿಂದೆ ಗದ್ದೆಗಳಿದ್ದ ನೆಲದಲ್ಲಿ ಮನೆ, ಕಾರ್ಖಾನೆಗಳು ಎದ್ದ ಮೇಲೆ ಮಳೆನೀರು ನಿಲ್ಲಲು ಎಡೆಯಿಲ್ಲದಾಯಿತು. ಮೇಲಿಂದ ಮೇಲೆ ನೆರೆ ಬರತೊಡಗಿತು.

ಚಿಕ್ಕ ನದಿಗಳು ಉಕ್ಕಿದಾಗ ಹೆಚ್ಚುವರಿ ನೀರು ತಾನಾಗಿಯೇ ದಂಡೆಯ ತಗ್ಗು ಭಾಗವನ್ನು ದಾಟಿ ಐದು ಬೃಹತ್ ಬಾವಿಗಳಿಗೆ ಧುಮುಕುತ್ತದೆ. ನಮ್ಮ ಕೆರೆಗಳ ಕೋಡಿ ಬೀಳುವ ಕ್ರಮವೇ ಇದು. ಈ ಬಾವಿಗಳ ಆಳ ಸುಮಾರು 70 ಮೀಟರ್, ವ್ಯಾಸ ಸುಮಾರು 30 ಮೀಟರ್. ಅವುಗಳನ್ನು ನೆಲದಿಂದ ಸುಮಾರು 50 ಮೀಟರ್ ಕೆಳಗೆ 6.3 ಕಿ.ಮೀ. ಉದ್ದದ, 10 ಮೀಟರ್ ವ್ಯಾಸದ ಸುರಂಗವೊಂದು ಜೋಡಿಸುತ್ತದೆ. ಸುರಂಗದ ತುದಿಯಲ್ಲಿರುವುದೇ ಕಂಬಗಳ ಹಜಾರ. ಅಲ್ಲಿ ನೀರಿನ ವೇಗ, ಒತ್ತಡ ತಗ್ಗುತ್ತದೆ. ಬಳಿಕ ನಾಲ್ಕು ಪಂಪುಗಳು ಅದನ್ನು ಎತ್ತಿ ದೊಡ್ಡದಾದ ಎಡೊ ನದಿಗೆ ಸುರಿಯುತ್ತವೆ. ಪಂಪುಗಳನ್ನು ಓಡಿಸುವುದು ವಿಮಾನದ ಎಂಜಿನ್ನುಗಳನ್ನು ಮಾರ್ಪಡಿಸಿ ಮಾಡಿದ ಅನಿಲ ಟರ್ಬೈನುಗಳು. ನಾಲ್ಕೂ ಒಟ್ಟಾಗಿ ಓಡಿದರೆ ಸೆಕೆಂಡಿಗೆ 200 ಘನ ಮೀಟರ್, ಅಂದರೆ ಸುಮಾರು 7,000 ಕ್ಯೂಸೆಕ್ ನೀರನ್ನು ಹೊರಹಾಕಬಲ್ಲವು.

ಬಾವಿ, ಸುರಂಗ, ಹಜಾರ ಎಲ್ಲವನ್ನೂ ಸೇರಿಸಿದರೆ ಹಿಡಿಯುವ ನೀರು ಸುಮಾರು 6.7 ಲಕ್ಷ ಘನ ಮೀಟರ್. ಟಿಎಂಸಿ ಲೆಕ್ಕದಲ್ಲಿ ಯೋಚಿಸುವ ಕನ್ನಡ ಓದುಗರಿಗೆ ಈ ಅಂಕಿ ಅಚ್ಚರಿ ತರಬಹುದು. ಇದು ಒಂದು ಟಿಎಂಸಿಯ ನಲವತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಕೃಷ್ಣರಾಜಸಾಗರದ 49 ಟಿಎಂಸಿಯ ಎದುರು ಇದು ಏನೂ ಅಲ್ಲ. ಇಷ್ಟು ಚಿಕ್ಕ ತೊಟ್ಟಿಯಿಂದ ಆಗುವುದಾದರೂ ಏನು?

ಉತ್ತರ 2019ರ ಅಕ್ಟೋಬರ್‌ನಲ್ಲಿ ದೊರೆಯಿತು. ಹಗಿಬಿಸ್ ಎಂಬ ಚಂಡಮಾರುತ ಟೋಕಿಯೊ ಪ್ರದೇಶಕ್ಕೆ ಅಪ್ಪಳಿಸಿದಾಗ ಈ ವ್ಯವಸ್ಥೆಯ ಮೂಲಕ ಹಾದುಹೋದ ನೀರು ಸುಮಾರು 1.2 ಕೋಟಿ ಘನ ಮೀಟರ್. ಅಂದರೆ ತೊಟ್ಟಿಯ ಸಾಮರ್ಥ್ಯದ ಹದಿನೆಂಟು ಪಟ್ಟು. ಒಂದು ಕಡೆಯಿಂದ ತುಂಬುತ್ತಿರುವಂತೆಯೇ ಇನ್ನೊಂದು ಕಡೆಯಿಂದ ಖಾಲಿಯಾಗುತ್ತಿತ್ತು. 1982ರ ಚಂಡಮಾರುತದಲ್ಲಿಯೂ ಹೆಚ್ಚುಕಡಿಮೆ ಇಷ್ಟೇ ಮಳೆ ಬಿದ್ದಿತ್ತು. ಅದಕ್ಕೆ ಹೋಲಿಸಿದರೆ ನೀರು ನುಗ್ಗಿದ ಮನೆಗಳ ಸಂಖ್ಯೆ ಶೇ. 90ರಷ್ಟು ಇಳಿಯಿತೆಂದು ಜಪಾನ್ ಸರ್ಕಾರ ಅಂದಾಜಿಸಿದೆ. ಇದರ ಶ್ರೇಯವೆಲ್ಲ ಒಂದು ಸುರಂಗಕ್ಕೇ ಸಲ್ಲದು. ನದಿಪಾತ್ರಗಳ ಅಗಲೀಕರಣ, ದಂಡೆಗಳ ಬಲವರ್ಧನೆಯೂ ಈ ನಡುವಿನ ವರ್ಷಗಳಲ್ಲಿ ನಡೆದಿದ್ದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಸುಕಾಬೆಯದು ನೀರನ್ನು ಕೂಡಿಡುವ ವ್ಯವಸ್ಥೆಯೇ ಅಲ್ಲ. ತುಂಬಿದ ಚಿಕ್ಕ ನದಿಯಿಂದ ಇನ್ನೂ ಜಾಗವಿರುವ ದೊಡ್ಡ ನದಿಗೆ ನೀರನ್ನು ದಾಟಿಸುವ ವ್ಯವಸ್ಥೆ. ಎಡೊ ನದಿ ಪಕ್ಕದಲ್ಲಿ ಇಲ್ಲದಿದ್ದರೆ ಆ ಹಜಾರ ಮಳೆಯ ಮೊದಲ ಕೆಲವು ಗಂಟೆಗಳಲ್ಲಿಯೇ ತುಂಬಿ ನಿರುಪಯುಕ್ತವಾಗುತ್ತಿತ್ತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ, ದೊಡ್ಡ ನದಿಯೇ ಇಲ್ಲದ ದಿಣ್ಣೆಯ ಮೇಲೆ ಕುಳಿತಿರುವ ಬೆಂಗಳೂರಿಗೆ ಈ ಮಾದರಿಯನ್ನು ಹಾಗೆಯೇ ತರಲಾಗದು.

ಮೊತ್ತವಲ್ಲ, ಸಮಯ

ಹಾಗಾದರೆ ನೀರನ್ನು ನಿಜವಾಗಿ ಕೂಡಿಡುವ ಭೂಗತ ಜಲಾಗಾರಗಳು ಹೇಗೆ ನೆರವಾಗುತ್ತವೆ? ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ತಿಳಿಯಬಹುದು. ಒಂದು ಚದರ ಕಿಲೋಮೀಟರ್ ವಿಸ್ತೀರ್ಣದ ಬಡಾವಣೆಯಲ್ಲಿ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿಯಿತೆನ್ನೋಣ. ಬಿದ್ದ ನೀರು 50,000 ಘನ ಮೀಟರ್. ಡಾಂಬರು, ಸಿಮೆಂಟು, ತಾರಸಿಗಳೇ ತುಂಬಿರುವುದರಿಂದ ಅದರಲ್ಲಿ ಐದನೇ ಒಂದು ಭಾಗ ಮಾತ್ರ ಇಂಗಿ, ಉಳಿದ 40,000 ಘನ ಮೀಟರ್ ಚರಂಡಿಗೆ ಬರುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 11 ಘನ ಮೀಟರ್. ಚರಂಡಿಯ ಶಕ್ತಿ ಸೆಕೆಂಡಿಗೆ 7 ಘನ ಮೀಟರ್ ಎಂದಿದ್ದರೆ ಮಿಕ್ಕ 4 ಘನ ಮೀಟರ್ ರಸ್ತೆಗೆ ಹರಿಯುತ್ತದೆ, ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಒಂದು ಗಂಟೆಗೆ ಅದರ ಮೊತ್ತ 14,400 ಘನ ಮೀಟರ್.

ಅನಾಹುತಕ್ಕೆ ಕಾರಣವಾಗುವುದು ಇಷ್ಟೇ ನೀರು. ಇದಕ್ಕೆ ಒಂದೆರಡು ಗಂಟೆ ಕಾಲ ನಿಲ್ಲಲು ಜಾಗ ಕೊಟ್ಟು, ಮಳೆ ಇಳಿದ ಮೇಲೆ ನಿಧಾನವಾಗಿ ಅದೇ ಚರಂಡಿಗೆ ಬಿಟ್ಟರೆ ಸಾಕು. ಚರಂಡಿಯನ್ನು ಅಗಲ ಮಾಡಬೇಕಿಲ್ಲ, ಅದರ ಪಕ್ಕದ ಕಟ್ಟಡಗಳನ್ನು ಕೆಡವಬೇಕಿಲ್ಲ. ಮೈದಾನ, ಉದ್ಯಾನ, ರಸ್ತೆಗಳ ಅಡಿಯಲ್ಲಿ ಜಲಾಗಾರ ಕಟ್ಟುವುದರ ಹಿಂದಿನ ತರ್ಕವೇ ಇದು. ಭೂಮಿಯ ಬೆಲೆ ಗಗನಕ್ಕೇರಿರುವ ನಗರಗಳು ಇದನ್ನು ಒಪ್ಪಿಕೊಂಡದ್ದು ಆಶ್ಚರ್ಯವೇನಲ್ಲ.

ಟೋಕಿಯೊ ನಗರದೊಳಗೇ ಇದಕ್ಕೆ ಸ್ಪಷ್ಟವಾದ ನಿದರ್ಶನವಿದೆ. ಏಳನೇ ವರ್ತುಲ ರಸ್ತೆಯ ಅಡಿಯಲ್ಲಿ 4.5 ಕಿ.ಮೀ. ಉದ್ದದ, 12.5 ಮೀಟರ್ ಒಳವ್ಯಾಸದ ಸುರಂಗವನ್ನು ಕೊರೆಯಲಾಗಿದೆ. ಅದು ಎಲ್ಲಿಗೂ ಹರಿಯುವುದಿಲ್ಲ. ಕಾಂಡಾ ನದಿ ಮತ್ತು ಅದರ ಉಪನದಿಗಳು ಉಕ್ಕಿದಾಗ ಹೆಚ್ಚುವರಿ ನೀರನ್ನು ಒಳಗೆ ಎಳೆದುಕೊಂಡು, ನದಿ ಇಳಿದ ಮೇಲೆ ಪಂಪು ಮಾಡಿ ಅಲ್ಲಿಗೇ ಮರಳಿಸುತ್ತದೆ. ಸಾಮರ್ಥ್ಯ 5.4 ಲಕ್ಷ ಘನ ಮೀಟರ್. ಇದರ ಮೊದಲ ಹಂತ ಬಳಕೆಗೆ ಬಂದದ್ದು 1997ರಲ್ಲಿ.

1993ರ ಆಗಸ್ಟ್‌ನಲ್ಲಿ ಚಂಡಮಾರುತವೊಂದು 288 ಮಿ.ಮೀ. ಮಳೆ ಸುರಿಸಿದಾಗ ಕಾಂಡಾ ನದಿಯ ಇಕ್ಕೆಲಗಳಲ್ಲಿ 3,117 ಮನೆಗಳಿಗೆ ನೀರು ನುಗ್ಗಿತ್ತು. 2004ರ ಅಕ್ಟೋಬರ್‌ನಲ್ಲಿ ಮತ್ತೊಂದು ಚಂಡಮಾರುತ 284 ಮಿ.ಮೀ. ಸುರಿಸಿತು. ಆಗ ನೀರು ನುಗ್ಗಿದ ಮನೆಗಳು 46. ಭೂಗತ ಜಲಾಗಾರದ ಪರವಾಗಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ದೊರೆಯುವುದು ಕಷ್ಟ.

ಆದರೆ ಅದರ ಮಿತಿಯೂ ಅಲ್ಲಿಯೇ ಗೋಚರಿಸಿತು. 2019ರ ಹಗಿಬಿಸ್ ಚಂಡಮಾರುತದಂದು ಈ ಸುರಂಗ ಶೇ. 90ರಷ್ಟು ತುಂಬಿಹೋಗಿತ್ತು. ಮಳೆ ಇನ್ನಷ್ಟು ಹೊತ್ತು ಮುಂದುವರಿದಿದ್ದರೆ ಅದು ಇದ್ದೂ ಇಲ್ಲದಂತಾಗುತ್ತಿತ್ತು. ಅಕ್ಕಪಕ್ಕದ ಜಲಾಗಾರಗಳೊಂದಿಗೆ ಇದನ್ನು ಬೆಸೆದು ಒಟ್ಟು 13.1 ಕಿ.ಮೀ. ಉದ್ದದ, 14.3 ಲಕ್ಷ ಘನ ಮೀಟರ್ ಸಾಮರ್ಥ್ಯದ ಒಂದೇ ವ್ಯವಸ್ಥೆಯನ್ನಾಗಿ ಮಾಡುವ ಯೋಜನೆಯನ್ನು ಟೋಕಿಯೊ ಕೈಗೆತ್ತಿಕೊಂಡಿದೆ. ಒಂದು ನದಿಯ ಕಡೆ ಮಳೆ ಕಡಿಮೆಯಿದ್ದರೆ ಅಲ್ಲಿಯ ಖಾಲಿ ಜಾಗವನ್ನು ಇನ್ನೊಂದು ನದಿಯ ನೀರು ಬಳಸಿಕೊಳ್ಳಲೆಂಬುದು ಇದರ ಉದ್ದೇಶ.

ತೊಟ್ಟಿಯ ಬಾಯಿ ಯಾವಾಗ ತೆರೆಯಬೇಕು ಎಂಬುದೂ ಮುಖ್ಯವೇ. ಮೊದಲ ಹನಿಯಿಂದಲೇ ನೀರು ಒಳಬರತೊಡಗಿದರೆ ಮಳೆ ಜೋರಾಗುವ ಹೊತ್ತಿಗೆ ತೊಟ್ಟಿ ಅರ್ಧ ತುಂಬಿರುತ್ತದೆ. ಹಾಂಕಾಂಗಿನ ಹ್ಯಾಪಿ ವ್ಯಾಲಿ ರೇಸ್‌ಕೋರ್ಸಿನ ನಡುವಣ ಆಟದ ಮೈದಾನಗಳ ಅಡಿಯಲ್ಲಿ 60,000 ಘನ ಮೀಟರ್ ಸಾಮರ್ಥ್ಯದ ಜಲಾಗಾರವಿದೆ. ಅದರ ಮೊದಲ ಹಂತ 2015ರಲ್ಲಿ ಸಿದ್ಧವಾಯಿತು. ಅಲ್ಲಿ ಒಳಹರಿವಿನ ಒಡ್ಡಿನ ಎತ್ತರವನ್ನು ಯಂತ್ರದಿಂದ ಏರಿಸಿ ಇಳಿಸಲು ಬರುತ್ತದೆ. ಚರಂಡಿಯ ನೀರಿನ ಮಟ್ಟವನ್ನು ಅಳೆಯುತ್ತಾ, ಅದು ಅಪಾಯದ ಗೆರೆ ಮುಟ್ಟಿದಾಗ ಮಾತ್ರ ಒಡ್ಡನ್ನು ತಗ್ಗಿಸಲಾಗುತ್ತದೆ. ಇದರಿಂದಾಗಿ ಚಿಕ್ಕ ತೊಟ್ಟಿಯಲ್ಲಿಯೇ ಕೆಲಸ ಸಾಗುತ್ತದೆ.

ಹಿಂದ್ಮಾತಾದ ಪಾಠ

ನಮ್ಮ ದೇಶದಲ್ಲಿ ಈ ಪ್ರಯೋಗ ನಡೆದಿರುವುದು ಮುಂಬಯಿಯಲ್ಲಿ. ದಾದರ್ ಮತ್ತು ಪರೇಲ್ ನಡುವಿನ ಹಿಂದ್ಮಾತಾ ಎಂಬ ತಗ್ಗು ಪ್ರದೇಶದ ಹೆಸರನ್ನು ಕೇಳದ ಮುಂಬಯಿ ಕನ್ನಡಿಗರಿರಲಾರರು. ಪ್ರತಿ ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ದಶಕಗಳ ವಾಡಿಕೆಯೇ ಆಗಿತ್ತು. ಸಮುದ್ರದಲ್ಲಿ ಉಬ್ಬರವಿರುವಾಗ ಭಾರಿ ಮಳೆ ಬಂದರೆ ನೀರು ಹೊರಹೋಗಲು ದಾರಿಯೇ ಇರುವುದಿಲ್ಲ. 2021ರಲ್ಲಿ ಬೃಹನ್ಮುಂಬಯಿ ಮಹಾನಗರ ಪಾಲಿಕೆಯು ಸಮೀಪದ ಪ್ರಮೋದ್ ಮಹಾಜನ್ ಕಲಾ ಪಾರ್ಕ್ ಮತ್ತು ಸೇಂಟ್ ಝೇವಿಯರ್ಸ್ ಮೈದಾನದ ಅಡಿಯಲ್ಲಿ ತೊಟ್ಟಿಗಳ ನಿರ್ಮಾಣಕ್ಕೆ ಕೈಹಾಕಿತು. ಉಬ್ಬರದ ವೇಳೆ ನೀರನ್ನು ಪಂಪು ಮಾಡಿ ತೊಟ್ಟಿಗಳಲ್ಲಿ ನಿಲ್ಲಿಸುವುದು, ಇಳಿತದ ವೇಳೆ ಸಮುದ್ರದ ಕಡೆಗೆ ಬಿಡುವುದು ಇಲ್ಲಿನ ಕ್ರಮ. ಉಬ್ಬರವು ಕೆಲವು ಗಂಟೆಗಳಲ್ಲಿ ಇಳಿಯುವುದು ನಿಶ್ಚಿತವಾದ್ದರಿಂದ ಮುಂಬಯಿಗೆ ಇದು ಚೆನ್ನಾಗಿಯೇ ಒಗ್ಗುವ ಉಪಾಯ.

2025ರ ಮೇ 26ರಂದು ಮುಂಗಾರು ವಾಡಿಕೆಗಿಂತ ಎರಡು ವಾರಕ್ಕೂ ಮೊದಲೇ ಮುಂಬಯಿಯನ್ನು ಪ್ರವೇಶಿಸಿತು. ಹಿಂದ್ಮಾತಾದಲ್ಲಿ ಮತ್ತೆ ನೀರು ನಿಂತಿತು. ಪಂಪುಗಳನ್ನು ಸಕಾಲದಲ್ಲಿ ಸಜ್ಜುಗೊಳಿಸಿರಲಿಲ್ಲವೆಂದು ಪಾಲಿಕೆಯು ಹಿಂದ್ಮಾತಾ ಸೇರಿದಂತೆ ನಾಲ್ಕು ಸ್ಥಳಗಳ ಪಂಪು ನಿರ್ವಾಹಕರಿಗೆ ತಲಾ 10 ಲಕ್ಷ ರೂಪಾಯಿ ದಂಡ ವಿಧಿಸಿತು. ಮಳೆಗಾಲ ಜೂನ್‌ನಲ್ಲಿಯೇ ಬರುತ್ತದೆಂದು ಗುತ್ತಿಗೆಯ ಕಾಗದ ನಂಬಿಕೊಂಡಿರಬಹುದು, ಮೋಡಗಳಿಗೆ ಅದರ ಅರಿವಿರಲಿಲ್ಲ. ನೆಲದಡಿ ಎಷ್ಟೇ ದೊಡ್ಡ ತೊಟ್ಟಿಯಿದ್ದರೂ ಅದು ಪಂಪು, ವಿದ್ಯುತ್ತು ಮತ್ತು ಆ ಹೊತ್ತಿಗೆ ಹಾಜರಿರುವ ಸಿಬ್ಬಂದಿಯನ್ನು ಅವಲಂಬಿಸಿದ ಯಂತ್ರವೇ. ಪ್ರತಿ ನೆರೆಯ ನಂತರ ತಳದಲ್ಲಿ ಉಳಿಯುವ ಕೆಸರನ್ನೂ ತೆಗೆಯಬೇಕು. ಉದ್ಘಾಟನೆಯ ದಿನ ಈ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ.

ತುಂಬಿರಬೇಕೇ, ಖಾಲಿ ಇರಬೇಕೇ?

ಕರ್ನಾಟಕದ ನಗರಗಳಲ್ಲಿ 'ಮಳೆನೀರು ಸಂಗ್ರಹ' ಎಂದೊಡನೆ ಜನರಿಗೆ ನೆನಪಾಗುವುದು ಕುಡಿಯುವ ನೀರಿನ ಕೊರತೆಯೇ ಹೊರತು ನೆರೆಯಲ್ಲ. ಬಳಕೆಗಾಗಿ ಸಂಗ್ರಹಿಸುವವರಿಗೆ ತೊಟ್ಟಿ ತುಂಬಿದಷ್ಟೂ ನೆಮ್ಮದಿ. ನೆರೆ ತಡೆಯುವವರಿಗೆ ತೊಟ್ಟಿ ಬರಿದಾಗಿದ್ದಷ್ಟೂ ನೆಮ್ಮದಿ. ಎರಡು ಉದ್ದೇಶಗಳಿಗೂ ಒಂದೇ ತೊಟ್ಟಿಯನ್ನು ತೋರಿಸಿ ಯೋಜನಾ ವರದಿಗಳು ಸಿದ್ಧವಾಗುವುದುಂಟು. ಅಂಥ ವರದಿಗಳನ್ನು ತುಸು ಅನುಮಾನದಿಂದಲೇ ಓದಬೇಕು.

ಎರಡನ್ನೂ ಸರಿದೂಗಿಸಲು ಸಾಧ್ಯವಿಲ್ಲವೆಂದಲ್ಲ. ಟೋಕಿಯೊದ ಸುಮಿದಾ ಎಂಬ ವಾರ್ಡು ಇದರಲ್ಲಿ ಮುಂದಾಳು. 1980ರ ದಶಕದ ಆರಂಭದಲ್ಲಿ ಅಲ್ಲಿ ಜೋರು ಮಳೆಗೆ ಒಳಚರಂಡಿಗಳು ಉಕ್ಕಿ ಮನೆಗಳಿಗೆ ಕೊಳಕು ನೀರು ನುಗ್ಗುತ್ತಿತ್ತು. ಅದೇ ಸಮಯದಲ್ಲಿ ಸುಮೊ ಕುಸ್ತಿಯ ಹೊಸ ಕ್ರೀಡಾಂಗಣ ಕೊಕುಗಿಕಾನ್ ನಿರ್ಮಾಣವಾಗಲಿತ್ತು. ವಾರ್ಡಿನ ಆಡಳಿತವು ಸುಮೊ ಸಂಘದ ಮನವೊಲಿಸಿ ಕಟ್ಟಡದ ನೆಲಮಾಳಿಗೆಯಲ್ಲಿ 1,000 ಘನ ಮೀಟರಿನ ಮಳೆನೀರು ತೊಟ್ಟಿ ಕಟ್ಟುವಂತೆ ಮಾಡಿತು. ಅದರ ಹಿಂದೆ ಮಕೊತೊ ಮುರಾಸೆ ಎಂಬ ವಾರ್ಡು ಅಧಿಕಾರಿಯ ಪರಿಶ್ರಮವಿತ್ತು. 1985ರಲ್ಲಿ ತೆರೆದ ಈ ಕ್ರೀಡಾಂಗಣದ ವಿಶಾಲ ಛಾವಣಿಯ ನೀರು ಶೌಚಾಲಯಗಳಿಗೆ ಬಳಕೆಯಾಗುತ್ತದೆ. ಬಳಕೆಯಾದಷ್ಟೂ ಮುಂದಿನ ಮಳೆಗೆ ಜಾಗ ದೊರೆಯುತ್ತದೆ.

ಅದೇ ವಾರ್ಡಿನಲ್ಲಿ 2012ರಲ್ಲಿ ಉದ್ಘಾಟನೆಗೊಂಡ ಸ್ಕೈಟ್ರೀ ಗೋಪುರದ ಸಂಕೀರ್ಣದಲ್ಲಿ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ನೆಲದಡಿಯ ಒಟ್ಟು ಸಾಮರ್ಥ್ಯ 2,635 ಘನ ಮೀಟರ್. ಅದರಲ್ಲಿ ಬಳಕೆಗೆಂದು ಇರಿಸಿರುವುದು 800 ಘನ ಮೀಟರ್ ಮಾತ್ರ. ಉಳಿದ 1,835 ಘನ ಮೀಟರ್ ಭಾರಿ ಮಳೆ ಬಂದಾಗ ನೀರನ್ನು ತಾತ್ಕಾಲಿಕವಾಗಿ ತಡೆದಿಡಲು ಮೀಸಲು.

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಸ್ಟಾರ್ ಸಿಟಿ ಎಂಬ ಅಪಾರ್ಟ್‌ಮೆಂಟ್ ಸಮುಚ್ಚಯ ನಮ್ಮ ಬಿಲ್ಡರುಗಳು ನೋಡಿಬರಬೇಕಾದ ಸ್ಥಳ. ಸಾವಿರಕ್ಕೂ ಹೆಚ್ಚು ಮನೆಗಳಿರುವ ಈ ಸಮುಚ್ಚಯದ ನೆಲಮಾಳಿಗೆಯ ತಳದಲ್ಲಿ ತಲಾ 1,000 ಘನ ಮೀಟರಿನ ಮೂರು ತೊಟ್ಟಿಗಳಿವೆ. ಒಂದು ನೆರೆ ತಡೆಯಲು. ಇನ್ನೊಂದು ಉದ್ಯಾನ, ಶೌಚಾಲಯಗಳ ಬಳಕೆಗೆ. ಮೂರನೆಯದರಲ್ಲಿ ಬೆಂಕಿ ಅನಾಹುತವೇ ಮೊದಲಾದ ತುರ್ತು ಸಂದರ್ಭಕ್ಕೆಂದು ನಲ್ಲಿಯ ನೀರು. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹಾನ್ ಮೂಯಂಗ್ ಅವರು ರೂಪಿಸಿದ ಈ ವ್ಯವಸ್ಥೆ 2007ರಲ್ಲಿ ಪೂರ್ಣಗೊಂಡಿತು. ತೊಟ್ಟಿ ಕಟ್ಟಿದ್ದಕ್ಕೆ ಪ್ರತಿಯಾಗಿ ಕಟ್ಟಡದವರಿಗೆ ಹೆಚ್ಚುವರಿ ನೆಲವಿಸ್ತೀರ್ಣ ನಿರ್ಮಿಸಲು ಸ್ಥಳೀಯ ಆಡಳಿತ ಅನುಮತಿ ನೀಡಿತು. ದಂಡದ ಬದಲು ಲಾಭ ತೋರಿಸಿದ್ದರಿಂದ ಕೆಲಸ ಸುಗಮವಾಯಿತೆನ್ನಬಹುದು.

ಬೆಂಗಳೂರಿನ ಸಂಪುಗಳು

2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಕೊನೆಗೊಂಡ 24 ಗಂಟೆಗಳಲ್ಲಿ ಬೆಂಗಳೂರು ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಭಾಗಗಳಲ್ಲಿ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಸಾಗಿಸಬೇಕಾಯಿತು. ನೆಲಮಾಳಿಗೆಗಳಲ್ಲಿ ನಿಲ್ಲಿಸಿದ್ದ ಕಾರುಗಳು ಮುಳುಗಿದವು. ಅದೇ ದಿನಗಳಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪುಮನೆಗೆ ನೆರೆ ನುಗ್ಗಿ, ನಗರಕ್ಕೆ ಕಾವೇರಿ ನೀರು ಪೂರೈಕೆಯೂ ವ್ಯತ್ಯಯಗೊಂಡಿತು. ಬೀದಿಯಲ್ಲಿ ಎದೆಮಟ್ಟದ ನೀರು, ನಲ್ಲಿಯಲ್ಲಿ ಹನಿಯಿಲ್ಲ. ಒಂದೂವರೆ ವರ್ಷದ ನಂತರ, 2024ರ ಬೇಸಿಗೆಯಲ್ಲಿ, ಅದೇ ಬಡಾವಣೆಗಳು ಟ್ಯಾಂಕರಿಗಾಗಿ ಕಾದು ನಿಂತವು.

ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯ ಮೂಲಕ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. ಹಳೆಯ ಕಟ್ಟಡಗಳಾದರೆ 2,400 ಚದರ ಅಡಿ, ಹೊಸ ಕಟ್ಟಡಗಳಾದರೆ 1,200 ಚದರ ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳು ಇದರ ವ್ಯಾಪ್ತಿಗೆ ಬಂದವು. ತಾರಸಿಯ ಪ್ರತಿ ಚದರ ಮೀಟರಿಗೆ 20 ಲೀಟರ್ ಸಂಗ್ರಹ ಅಥವಾ ಇಂಗಿಸುವ ವ್ಯವಸ್ಥೆ ಇರಬೇಕೆಂಬುದು ಮೊದಲಿನ ನಿಯಮ. ಅನಂತರ ಅದನ್ನು 60 ಲೀಟರಿಗೆ ಏರಿಸಲಾಯಿತು. ಪಾಲಿಸದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ವ್ಯವಸ್ಥೆ ಅಳವಡಿಸುವುದಕ್ಕಿಂತ ದಂಡ ಕಟ್ಟುವುದೇ ಸುಲಭವೆಂದು ಭಾವಿಸಿದವರೂ ಕಡಿಮೆಯಿಲ್ಲ.

ಈ 60 ಲೀಟರಿನ ಮಹತ್ವ ಸಾಮಾನ್ಯದ್ದಲ್ಲ. 100 ಚದರ ಮೀಟರ್ ತಾರಸಿಗೆ 6,000 ಲೀಟರ್ ಎಂದರೆ 60 ಮಿ.ಮೀ. ಮಳೆಯನ್ನು ಆ ಮನೆಯೇ ಹಿಡಿದಿಡಬಲ್ಲದು. ಮೇಲೆ ಹೇಳಿದ ಒಂದು ಚದರ ಕಿಲೋಮೀಟರ್ ಬಡಾವಣೆಯಲ್ಲಿ ಅಂಥ 4,000 ಮನೆಗಳಿವೆಯೆಂದು ಊಹಿಸಿದರೆ, 50 ಮಿ.ಮೀ. ಮಳೆ ಬಂದಾಗ ತಾರಸಿಗಳ ಮೇಲೆ ಬಿದ್ದ 20,000 ಘನ ಮೀಟರ್ ನೀರು ಒಂದು ಹನಿಯೂ ಚರಂಡಿಗೆ ಹೋಗದು. ಚರಂಡಿ ತಾಳಲಾರದೆ ರಸ್ತೆಗೆ ಉಕ್ಕುವ 14,400 ಘನ ಮೀಟರಿಗಿಂತ ಇದು ಹೆಚ್ಚು. ಕಾಗದದ ಮೇಲೆ, ಸುರಂಗವಿಲ್ಲದೆಯೇ ಸಮಸ್ಯೆ ಬಗೆಹರಿಯಿತು.

ಆದರೆ ಆ ಸಂಪು ಆಗ ಖಾಲಿ ಇರಬೇಕಲ್ಲ! ನಾಲ್ಕು ಜನರ ಕುಟುಂಬವೊಂದು ದಿನಕ್ಕೆ ತಲಾ 135 ಲೀಟರಿನಂತೆ 540 ಲೀಟರ್ ಬಳಸುತ್ತದೆ ಎಂದಿಟ್ಟುಕೊಂಡರೆ 6,000 ಲೀಟರ್ ಮುಗಿಯಲು ಹನ್ನೊಂದು ದಿನ ಬೇಕು. ಅದೂ ಕಾವೇರಿ ನೀರನ್ನು ಮುಟ್ಟದೆ ಮಳೆನೀರನ್ನೇ ಬಳಸಿದರೆ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಹನ್ನೊಂದು ದಿನ ಬಿಡುವು ಕೊಡುವಷ್ಟು ಔದಾರ್ಯ ಮಳೆಗಿಲ್ಲ. ಎಷ್ಟೋ ಮನೆಗಳಲ್ಲಿ ಕಾವೇರಿ ನೀರಿಗೂ ಮಳೆನೀರಿಗೂ ಒಂದೇ ಸಂಪು. ನೀರು ಬಿಡುವ ದಿನ ಅದನ್ನು ಅಂಚಿನವರೆಗೆ ತುಂಬಿಸಿಕೊಳ್ಳುವುದು ಗೃಹಿಣಿಯರ ಜಾಣತನ. ಅದೇ ರಾತ್ರಿ ಮಳೆ ಬಂದರೆ ತಾರಸಿಯ ನೀರೆಲ್ಲ ನೇರವಾಗಿ ರಸ್ತೆಗೇ. ನಿಯಮ ಪಾಲನೆಯಾಗಿದೆ, ದಂಡವೂ ಇಲ್ಲ, ನೆರೆಗೆ ಮಾತ್ರ ಯಾವ ತಡೆಯೂ ಇಲ್ಲ.

ಇನ್ನೂ ಕೆಟ್ಟ ರೂಢಿಯೆಂದರೆ ತಾರಸಿಯ ಕೊಳವೆಯನ್ನು ಒಳಚರಂಡಿಗೆ ಜೋಡಿಸುವುದು. ಮಳೆ ಬಂದಾಗ ಮ್ಯಾನ್‌ಹೋಲ್‌ಗಳು ಕಾರಂಜಿಯಂತೆ ಚಿಮ್ಮಲು ಇದು ಮುಖ್ಯ ಕಾರಣಗಳಲ್ಲೊಂದು.

ತಾನಾಗಿ ಖಾಲಿಯಾಗುವ ತೊಟ್ಟಿ

ಪಂಪು ಬೇಡದ, ಯಾರೂ ನೆನಪಿಟ್ಟು ಖಾಲಿ ಮಾಡಬೇಕಿಲ್ಲದ ಭೂಗತ ಜಲಾಗಾರವೊಂದಿದೆ. ಅದೇ ಇಂಗುಬಾವಿ. ಮೂರು ಅಡಿ ವ್ಯಾಸ, ಇಪ್ಪತ್ತು ಅಡಿ ಆಳದ, ಸಿಮೆಂಟಿನ ಉಂಗುರಗಳನ್ನು ಇಳಿಸಿದ ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ತಳ ಮತ್ತು ಪಕ್ಕಗಳಿಂದ ನೀರು ಮಣ್ಣಿಗೆ ಇಂಗುತ್ತಾ ಹೋದಂತೆ ಮುಂದಿನ ಮಳೆಗೆ ಜಾಗವಾಗುತ್ತದೆ. ಬೆಂಗಳೂರಿನಲ್ಲಿ ಹತ್ತು ಲಕ್ಷ ಇಂಗುಬಾವಿಗಳನ್ನು ತೋಡಬೇಕೆಂಬ ಆಂದೋಲನವನ್ನು ಬಯೋಮ್ ಸಂಸ್ಥೆ ನಡೆಸುತ್ತಾ ಬಂದಿದೆ. ತಲೆಮಾರುಗಳಿಂದ ಬಾವಿ ತೋಡುವುದೇ ಕಸುಬಾಗಿರುವ ಮಣ್ಣು ವಡ್ಡರ ಸಮುದಾಯದವರಿಗೆ ಇದರಿಂದ ಮತ್ತೆ ಕೆಲಸ ದೊರೆತಿದೆ. ಕಬ್ಬನ್ ಉದ್ಯಾನದಲ್ಲಿ ಹಳೆಯ ಬಾವಿಗಳ ಪುನಶ್ಚೇತನದ ಜೊತೆಗೆ ಹತ್ತಾರು ಇಂಗುಬಾವಿಗಳನ್ನೂ ತೋಡಲಾಗಿದೆ.

ಇದಕ್ಕೂ ಮಿತಿಗಳಿವೆ. ಬೆಂಗಳೂರಿನ ಅಡಿಯಲ್ಲಿರುವುದು ಗಟ್ಟಿ ಕಲ್ಲು. ಅದರ ಮೇಲಿನ ಮಣ್ಣಿನ, ಶಿಥಿಲ ಕಲ್ಲಿನ ಪದರ ದಪ್ಪವಾಗಿರುವಲ್ಲಿ ನೀರು ಬೇಗ ಇಂಗುತ್ತದೆ, ಇಲ್ಲದಿದ್ದರೆ ಬಾವಿ ದಿನಗಟ್ಟಲೆ ತುಂಬಿಯೇ ಇರುತ್ತದೆ. ರಸ್ತೆಯ ಕೊಳಕು ನೀರನ್ನು ಸೋಸದೆ ಬಿಟ್ಟರೆ ಹೂಳು ಕಟ್ಟುವುದಲ್ಲದೆ ಅಂತರ್ಜಲವೂ ಕೆಡುತ್ತದೆ. ಕಣಿವೆಯ ತಳದಲ್ಲಿ, ಕೆರೆಯಂಗಳದ ಬಡಾವಣೆಗಳಲ್ಲಿ, ಮಳೆಗಾಲಕ್ಕೆ ಅಂತರ್ಜಲವೇ ಮೇಲೆ ಬಂದಿರುವುದರಿಂದ ಬಾವಿಯಲ್ಲಿ ಜಾಗವೇ ಇರುವುದಿಲ್ಲ. ಆದ್ದರಿಂದ ಇಂಗುಬಾವಿಗಳನ್ನು ತೋಡಬೇಕಾದದ್ದು ಮುಳುಗುವ ತಗ್ಗಿನಲ್ಲಿ ಅಲ್ಲ, ನೀರನ್ನು ಕೆಳಕ್ಕೆ ಕಳಿಸುವ ದಿಣ್ಣೆಯ ಬಡಾವಣೆಗಳಲ್ಲಿ. ತಮ್ಮ ಮನೆಗೆ ಎಂದೂ ನೀರು ನುಗ್ಗದ ದಿಣ್ಣೆಯವರು, ಎರಡು ಕಿಲೋಮೀಟರ್ ಕೆಳಗಿನವರಿಗಾಗಿ ಏಕೆ ಖರ್ಚು ಮಾಡಬೇಕೆಂಬ ಪ್ರಶ್ನೆಗೆ ಈಗಿನ ನಿಯಮಗಳಲ್ಲಿ ಉತ್ತರವಿಲ್ಲ.

ಕರಾವಳಿಯ ಮಂಗಳೂರಿಗೆ ಮುಂಬಯಿಯ ಪಾಠವೇ ಹೆಚ್ಚು ಹತ್ತಿರವಾದದ್ದು. ದಿನಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ ಮನೆಯ ತೊಟ್ಟಿ ಮೊದಲ ದಿನವೇ ತುಂಬುತ್ತದೆ.

ಮೇಲಿರುವ ಜಲಾಗಾರಗಳು

ಬೆಂಗಳೂರಿಗೆ ಸುರಂಗ ಬೇಕೇ ಬೇಡವೇ ಎಂಬ ಚರ್ಚೆಗೆ ಮೊದಲು ಇನ್ನೊಂದು ಲೆಕ್ಕ ನೋಡಬೇಕು. ಬೆಳ್ಳಂದೂರು ಕೆರೆಯ ವಿಸ್ತೀರ್ಣ ಸುಮಾರು 900 ಎಕರೆ. ಭಾರಿ ಮಳೆಯ ಮುನ್ಸೂಚನೆ ಬಂದಾಗ ಅದರ ನೀರಿನ ಮಟ್ಟವನ್ನು ತೂಬಿನ ಮೂಲಕ ಒಂದು ಮೀಟರ್ ತಗ್ಗಿಸಿಟ್ಟರೆ ಸಿಗುವ ಜಾಗ ಸುಮಾರು 36 ಲಕ್ಷ ಘನ ಮೀಟರ್. ಕಸುಕಾಬೆಯ ಇಡೀ ವ್ಯವಸ್ಥೆಯ ಐದು ಪಟ್ಟಿಗೂ ಹೆಚ್ಚು. ನೆಲ ಅಗೆಯಬೇಕಿಲ್ಲ, 500 ಟನ್ನಿನ ಕಂಬಗಳೂ ಬೇಕಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೂ ಕೆಳಕ್ಕೆ ನೀರು ಇಳಿಯುವ ಸರಪಳಿಯನ್ನು ಹಿಂದಿನವರು ಕಟ್ಟಿದ್ದು ಕೃಷಿಗಾಗಿ. ಆದರೆ ಬೇಸಿಗೆಯಲ್ಲಿ ತೂಬು ತೆಗೆದು ಗದ್ದೆಗೆ ನೀರು ಹಾಯಿಸುತ್ತಿದ್ದುದರಿಂದ ಮಳೆಗಾಲದ ಹೊತ್ತಿಗೆ ಕೆರೆಗಳು ತಾವಾಗಿಯೇ ತಗ್ಗಿರುತ್ತಿದ್ದವು.

ಇಂದು ಆ ಗದ್ದೆಗಳಿಲ್ಲ. ವರ್ಷದ 365 ದಿನವೂ ಕೊಳಚೆ ನೀರು ಹರಿದುಬರುವುದರಿಂದ ನಗರದ ದೊಡ್ಡ ಕೆರೆಗಳು ಮಾರ್ಚ್‌ನಲ್ಲಿಯೂ ತುಂಬಿರುತ್ತವೆ. ತುಂಬಿದ ಕೆರೆಯನ್ನು ಕಂಡು ಸಂತೋಷಪಡುವ ಕಣ್ಣು ನಮ್ಮದು, ಆದರೆ ಜೂನ್ ತಿಂಗಳ ಮೊದಲ ಮಳೆಗೆ ಅಲ್ಲಿ ಎಡೆಯೇ ಇರುವುದಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಆದೇಶಗಳ ನಂತರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಕಾರ್ಯ ಕೈಗೊಂಡಿತು. ಹೂಳೆತ್ತಿದ ಜಾಗ ಮತ್ತೆ ಕೊಳಚೆಯಿಂದಲೇ ತುಂಬಿಕೊಂಡರೆ ನೆರೆಯ ದೃಷ್ಟಿಯಿಂದ ಅದರ ಪ್ರಯೋಜನ ಅಲ್ಪ. ಕೊಳಚೆಯನ್ನು ಬೇರೆ ದಾರಿಯಲ್ಲಿ ಸಾಗಿಸಬೇಕು. ತೂಬುಗಳಿಗೆ ಮೇಲೆ ಕೆಳಗೆ ಆಡುವ ಬಾಗಿಲು ಇರಬೇಕು. ಬಾಗಿಲನ್ನು ಯಾವ ಮಟ್ಟದಲ್ಲಿ, ಯಾವಾಗ, ಯಾರ ಆದೇಶದ ಮೇರೆಗೆ ತೆರೆಯಬೇಕೆಂಬುದು ಮೊದಲೇ ನಿಗದಿಯಾಗಿರಬೇಕು. ಏಕೆಂದರೆ ಮೇಲಿನ ಕೆರೆಯ ಬಾಗಿಲನ್ನು ತಡವಾಗಿ ತೆರೆದರೆ ಕೆಳಗಿನ ಬಡಾವಣೆ ಮುಳುಗುತ್ತದೆ.

ಭೂಗತ ತೊಟ್ಟಿಗಳಿಗೆ ಬೆಂಗಳೂರಿನಲ್ಲಿ ಕೆಲಸವೇ ಇಲ್ಲವೆಂದಲ್ಲ. ಕೆರೆಯೂ ಇಲ್ಲದ, ರಾಜಕಾಲುವೆ ಅಗಲಿಸಲೂ ಆಗದ ಹಳೆಯ ನಗರದ ತಗ್ಗುಗಳು ಹಲವಿವೆ. ಅವುಗಳಲ್ಲಿ ಮುಖ್ಯವಾದವು ಅಂಡರ್‌ಪಾಸ್‌ಗಳು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನಿಂತ ನೀರಿನಲ್ಲಿ ಕಾರು ಸಿಲುಕಿ ಯುವತಿಯೊಬ್ಬರು ಮೃತಪಟ್ಟರು. ದಿನಗಟ್ಟಲೆ ಸುರಿದ ಮಳೆಯಲ್ಲ ಅದು, ಮಧ್ಯಾಹ್ನದ ಸ್ವಲ್ಪ ಹೊತ್ತಿನ ಬಿರುಸು ಮಳೆ. ಅಂಥ ಜಾಗಕ್ಕೆ ಆರು ಕಿಲೋಮೀಟರಿನ ಸುರಂಗ ಬೇಕಿಲ್ಲ. ಪಕ್ಕದ ಉದ್ಯಾನದ ಅಡಿಯಲ್ಲಿ ಕೆಲವು ಲಕ್ಷ ಲೀಟರಿನ ತೊಟ್ಟಿ, ನೀರಿನ ಮಟ್ಟಕ್ಕಿಂತ ಮೇಲೆ ಕೂರಿಸಿದ ಪಂಪು, ವಿದ್ಯುತ್ತು ಹೋದರೂ ಓಡುವ ಜನರೇಟರು, ನೀರು ಒಂದು ಅಡಿ ಏರಿದೊಡನೆ ರಸ್ತೆಗೆ ಅಡ್ಡ ಬೀಳುವ ಗೇಟು ಬೇಕು. ಪ್ರತಿ ಮಳೆಯ ಮರುದಿನ ತೊಟ್ಟಿ ಖಾಲಿಯಾಗಿದೆಯೇ ಎಂದು ಇಣುಕಿ ನೋಡಿ ದಾಖಲೆ ಪುಸ್ತಕದಲ್ಲಿ ಬರೆದಿಡುವ ನೌಕರನೊಬ್ಬನೂ ಇರಬೇಕು.